ಮುಳ್ಳಿಲ್ಲದ ಗಿಡಕ್ಕೆ ಪಾಡ್ಯದ ಕುಡಗೋಲು

ಮಾವನವರಿಗೆ ಸೊಸೆ ನಿರ್ಮಲಾಳ ಶರಣು.

ಹೇಗಿದ್ದೀರಿ ಎಂದು ಕೇಳಬೇಕು, ಕೇಳಿದರೆ ಹೇಳುವವರು ಯಾರು? ಅದನ್ನೆಲ್ಲ ಬಿಡಿ, ನನಗೆ ಪುರಸೊತ್ತಿಲ್ಲ. ಇವತ್ತು ದೀಪಾವಳಿ ಪಾಡ್ಯ. ನಿಮ್ಮ ಮಗ ಬೆಳಿಗ್ಗೆ ಎದ್ದವರೇ ಬ್ಯಾಡಗಿಗೆ ಹೋಗಿದ್ದಾರೆ, ದಲಾಲಿ ಅಂಗಡಿಯ ಪೂಜೆಗೆ. ಸಂಜೆ ಬರುತ್ತಾರೆ. ಬಂದು ಅಂಗಿ ಕಳಚಿ, ಹಿತ್ತಲಕ್ಕೆ ಹೋಗಿ, ನಿಮ್ಮ ಬ್ಲಾಕ್‌ಬೆರಿ ಗಿಡವನ್ನು ಬುಡದಿಂದ ಒಂದು ಗೇಣು ಬಿಟ್ಟು ಪೂರ್ತಿ ಕಡಿದು ಹಾಕುತ್ತಾರೆ. ನೀವು ವರ್ಷಾ ವರ್ಷ ಕಡಿಯುತ್ತಿದ್ದಿರಲ್ಲ, ಥೇಟ್ ಹಾಗೆ. ಕಡಿದರೆ ಬರುವ ಬೇಸಿಗೆಗೆ ಗಿಡದಲ್ಲಿ ಒಂದೇ ಒಂದು ಹಣ್ಣೂ ಇರುವುದಿಲ್ಲ. ಇದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಸಿಟ್ಟಾಗಬೇಡಿ, ನಿಮಗೂ ಗೊತ್ತಿರಲಿಲ್ಲ. ಅವರಿಗೆ ಹೇಳಲು ಬಾಯಿ ಬರುತ್ತಿಲ್ಲ. ಮೊದಲು ನಿಮಗೆ ಹೇಳಿಬಿಟ್ಟರೆ ಧೈರ್ಯ ಬರಬಹುದೇನೋ ಎಂದು ಬರೆಯಲು ಕೂತಿದ್ದೇನೆ.

ಹೋಗುವಾಗ ಏನು ಹೇಳಿ ಹೋದರು ಗೊತ್ತೇ? "ಕುಡಗೋಲು ಮಸದು ಇಡು. ಅಪ್ಪನ ಗಿಡ ಕಡೀಬೇಕು." ನನಗೇ ಹೇಳಿದರು! ನಾನು ಮಸೆಯಲಿಲ್ಲ. ಅಡುಗೆಮನೆಯಲ್ಲಿ ಜೋಳದ ಡಬ್ಬಿಯ ಹಿಂದೆ ತುರುಕಿ ಇಟ್ಟಿದ್ದೇನೆ. ಅತ್ತೆ ಹೋಳಿಗೆ ಉಂಡು ಪಡಸಾಲೆಯಲ್ಲಿ ಅಡ್ಡಾಗಿದ್ದಾರೆ. ನಾನು ಒಂದು ಸಾಲು ಬರೆಯುವುದು, ಎದ್ದು ಹಿತ್ತಲಕ್ಕೆ ಹೋಗಿ ಗಿಡ ನೋಡುವುದು, ಬಂದು ಮತ್ತೆ ಕೂರುವುದು. ಮೊದಲೇ ಕುಂತಲ್ಲಿ ಕೂರುವವಳಲ್ಲ ನಾನು. "ಕಾಲಾಗ ಭಿಂಗರಿ ಕಟ್ಕೊಂಡು ಹುಟ್ಟೀಯೇನಬೇ" ಎಂದು ನೀವೇ ಅನ್ನುತ್ತಿದ್ದಿರಿ. ಇವತ್ತು ನೋಡಿದ್ದರೆ ಏನನ್ನುತ್ತಿದ್ದಿರೋ.

ನೀವು ಆ ಗಿಡ ಎತ್ತಿಕೊಂಡು ಹಿತ್ತಲಕ್ಕೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಮದುವೆಯಾಗಿ ಬಂದ ಮರುವರ್ಷ. ಮುಂದಿನ ಖೋಲಿಯಲ್ಲಿ ಬೀಜದ ಕಂಪನಿಯ ಆಫೀಸರೊಬ್ಬರು ಬಾಡಿಗೆಗಿದ್ದರಲ್ಲ, ಅವರಿಗೆ ಹೈದರಾಬಾದಿಗೆ ವರ್ಗವಾಯಿತು. ಊಟಿ ಕಡೆಯಿಂದ ತಂದು ಕುಂಡದಲ್ಲಿ ಸಾಕಿಕೊಂಡಿದ್ದ ಸಸಿಯನ್ನು ನಿಮ್ಮ ಕೈಗಿಟ್ಟು ಹೋದರು. ಮುಳ್ಳಿಲ್ಲದ ಜಾತಿ, ಅದರಲ್ಲೂ ಬೇರೆ ತಳಿಗಳಿಗಿಂತ ಮೊದಲೇ ಹಣ್ಣಾಗುವ ತಳಿ ಎಂದು ಹೇಳಿ, ಹಣ್ಣಿನ ಒಂದು ಬಣ್ಣದ ಚಿತ್ರವನ್ನೂ ಕೊಟ್ಟರು. ಹೇಗೆ ಬೆಳೆಸಬೇಕು, ಯಾವಾಗ ಕಡಿಯಬೇಕು ಎನ್ನುವುದನ್ನು ಅವರು ಹೇಳಲೂ ಇಲ್ಲ, ನೀವು ಕೇಳಲೂ ಇಲ್ಲ. ಗಿಡದ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದೆಂದರೆ ನಿಮಗೆ ಎಲ್ಲಿಲ್ಲದ ಅವಮಾನ. ಹಿತ್ತಲ ಬಾಗಿಲಲ್ಲೇ ನಿಂತು ಅತ್ತೆಯನ್ನು ಕೂಗಿದಿರಿ. "ಕೇಳಿತೇನು, ಬಾ ಇಲ್ಲೆ! ನಿನಗ ಮುಳ್ಳಿಲ್ಲದ ಕವಳಿ ತಂದೇನಿ." ಅತ್ತೆಗೆ ಕವಳಿಹಣ್ಣು ಎಂದರೆ ಪ್ರಾಣ, ಹೊಲದ ಬದುವಿನ ಮುಳ್ಳುಕಂಟಿಯಲ್ಲಿ ಕೀಳುವಾಗೆಲ್ಲ ಕೈ ಪರಚಿಕೊಂಡು ಬರುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಆ ವಯಸ್ಸಿನಲ್ಲಿ ಹೆಂಡತಿಗೆ ಹಣ್ಣಿನ ಗಿಡ ತರುವ ಗಂಡಸನ್ನು ನಾನು ಅಗಡಿಯಲ್ಲಿ ನಮ್ಮ ತವರುಮನೆಯ ಕಡೆ ನೋಡಿರಲಿಲ್ಲ. ನನಗೆ ನಗು ಬಂತು, ಹೊಟ್ಟೆಕಿಚ್ಚೂ ಆಯಿತು.

ಅತ್ತೆ ಮಾತ್ರ ಗಿಡವನ್ನು ಮೇಲೆ ಕೆಳಗೆ ನೋಡಿ, "ಮುಳ್ಳ ಇಲ್ಲಂದ್ರ ಆಡು ಬಿಡ್ತಾವೇನ್ರಿ?" ಎಂದರು. ಅವರ ಬಾಯಲ್ಲಿ ಏನು ಬಂತೋ, ವಾರದೊಳಗೆ ಪಕ್ಕದ ಮನೆಯ ಮಾಬವ್ವನ ಆಡು ಬಂದು ಸಸಿಯನ್ನು ಬುಡದವರೆಗೂ ಮೇಯ್ದು ಹೋಯಿತು. ನೀವು ಕಾಲುವೆ ದಂಡೆಯಿಂದ ಜಾಲಿಮುಳ್ಳು ಹೊತ್ತು ತಂದು ಸುತ್ತಲೂ ಕಟ್ಟಿದಿರಿ. ಮುಳ್ಳಿಲ್ಲದ ಗಿಡ ತಂದು ಅದಕ್ಕೆ ಮುಳ್ಳಿನ ಬೇಲಿ ಹಾಕಿದ ಮನುಷ್ಯ ಇಡೀ ರಾಣೆಬೆನ್ನೂರಿನಲ್ಲಿ ನೀವೊಬ್ಬರೇ ಇರಬೇಕು. ಆ ಮುಳ್ಳು ನಿಮ್ಮ ಹಿಮ್ಮಡಿಗೇ ಹೊಕ್ಕು, ನಾನು ಪಿನ್ನಿನಿಂದ ತೆಗೆಯುವಾಗ "ಸಾವಕಾಶ, ಸಾವಕಾಶ, ಹಿಮ್ಮಡಿ ನಂದೈತಿ, ಎಮ್ಮೀದಲ್ಲ" ಎಂದು ಒದರಿದ್ದು ಓಣಿಗೆಲ್ಲ ಕೇಳಿಸಿತ್ತು. ಆಡು ಮೇಯ್ದ ಸಸಿ ಮಾತ್ರ ಮಳೆ ಬಿದ್ದದ್ದೇ ತಡ, ಎದ್ದು ನಿಂತಿತು.

ಎದ್ದು ಹೋಗಿ ನೋಡಿ ಬಂದೆ. ಬಿಸಿಲು ಇನ್ನೂ ಬಚ್ಚಲ ಗೋಡೆಯ ಮೇಲಿದೆ. ಇವರು ಬ್ಯಾಡಗಿಯಲ್ಲಿ ಬಸ್ ಹತ್ತುವಾಗ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ನಾನು ಚಹಾಕ್ಕೆ ಇಡಲಿ ಅಂತ. ಇನ್ನೂ ಬಂದಿಲ್ಲ. ಈ ಮೊಬೈಲ್ ಎಂಬುದು ಸುಮ್ಮನಿದ್ದರೂ ಜೀವ ತಿನ್ನುತ್ತದೆ, ಕೂಗಿದರೂ ತಿನ್ನುತ್ತದೆ.

ಮೊದಲ ಪಾಡ್ಯದಂದು ನೀವು ಕುಡಗೋಲು ಹಿಡಿದು ಗಿಡದ ಮುಂದೆ ಕೂತಾಗ ನಾನು ಬಟ್ಟೆ ಒಗೆಯುತ್ತಿದ್ದೆ. ಬುಡದಿಂದೆದ್ದ ಕೋಲುಗಳು ನನ್ನೆತ್ತರ ಬೆಳೆದು ಬಾಗಿದ್ದವು, ಎಲೆ ಕಪ್ಪಗೆ ಮಿಂಚುತ್ತಿತ್ತು. "ಅಯ್ಯ, ಇಷ್ಟು ಚಂದ ಬೆಳದೈತಿ, ಯಾಕ ಕಡೀತೀರಿ ಮಾವಾರ?" ಎಂದೆ. ನೀವು ಮೈಮೇಲೆ ತೊಟ್ಟ ಬಂಡಿಯ ಕಿಸೆಯಿಂದ ಆ ಬಣ್ಣದ ಚಿತ್ರ ತೆಗೆದು ತೋರಿಸಿದಿರಿ. "ಈ ಹಣ್ಣು ನೋಡು. ನಮ್ಮ ರೇಷ್ಮಿ ಗಿಡದ ಹಣ್ಣು ಹೆಂಗಿರತೈತಿ? ಹಿಂಗ ಇರತೈತಿಲ್ಲೋ? ಇದು ಅದರ ಮನಿತನದ್ದ. ಬೀಗರು ಅಂತ ತಿಳಕೋ." ನಾನು ನೋಡಿದೆ. ಖರೇ, ಹಿಪ್ಪುನೇರಳೆಯ ಹಣ್ಣಿನ ಹಾಗೆಯೇ, ಸಣ್ಣ ಸಣ್ಣ ಕರಿಮಣಿ ಕೂಡಿಸಿ ಕಟ್ಟಿದ ಹಾಗಿತ್ತು. ದೇವರಗುಡ್ಡದ ಕಡೆಯ ಹೊಲದಲ್ಲಿ ವಯಸ್ಸೆಲ್ಲ ರೇಷ್ಮೆ ಮಾಡಿದವರು ನೀವು. ಹುಳಕ್ಕೆ ಎಲೆ ಕೊಯ್ದ ಮೇಲೆ ಗಿಡವನ್ನು ಬುಡದ ಹತ್ತಿರಕ್ಕೆ ಕಡಿಯುವುದು, ಅದು ಮೊದಲಿಗಿಂತ ಜೋರಾಗಿ ಚಿಗುರುವುದು, ಇದನ್ನೇ ಕಂಡ ಕಣ್ಣು ನಿಮ್ಮದು. ದೀಪಾವಳಿಯ ಬೆಳೆಯ ಗೂಡು ಮಾರಿ ಪಾಡ್ಯದಂದು ತೋಟ ಕಡಿಯುವುದು ನಿಮ್ಮ ಅಪ್ಪನ ಕಾಲದಿಂದ ಬಂದ ಪದ್ಧತಿ. ತೋಟ ಬಿಟ್ಟು ಪೇಟೆಯ ಮನೆಗೆ ಬಂದ ಮೇಲೆ ಕಡಿಯಲು ಏನೂ ಇಲ್ಲದೆ ಆ ಕೈ ತುರಿಸುತ್ತಿತ್ತೇನೋ.

"ಕಡದಷ್ಟೂ ಚಿಗೀತೈತಿ ಯವಾ. ಕೈ ಹಿಂದ ತಗದ್ರ ಗಿಡ ಸೊಕ್ಕತೈತಿ," ಎಂದು ಹೇಳಿ ಸರಸರನೆ ಕಡಿದಿರಿ. ಸುಳ್ಳೇನೂ ಆಗಲಿಲ್ಲ. ಮರುವರ್ಷ ಏನು ಚಿಗುರು, ಏನು ಚಿಗುರು! ಬಂದವರಿಗೆಲ್ಲ ಹಿತ್ತಲಕ್ಕೆ ಕರೆದೊಯ್ದು ತೋರಿಸಿದ್ದೇ ತೋರಿಸಿದ್ದು. ಹೂವು ಮಾತ್ರ ಇಲ್ಲ.

ಮಾಬವ್ವ ಗೋಡೆಯ ಆಚೆಯಿಂದ ಚೇಷ್ಟೆ ಮಾಡುತ್ತಿದ್ದದ್ದು ನಿಮಗೆ ಮರೆತಿರಲಿಕ್ಕಿಲ್ಲ. "ಕಾಕಾರ, ನಿಮ್ಮ ಲಗೂ ಆಗೋ ಹಣ್ಣು ಎಲ್ಲಿಗೆ ಬಂತ್ರಿ? ಹುಬ್ಬಳ್ಳಿ ದಾಟೇತೇನು?" ಮೊದಮೊದಲು ನೀವೂ ತಡವಾದ ರೈಲಿನ ಸುದ್ದಿ ಹೇಳುವವರ ಹಾಗೆ ನಗುತ್ತ "ಯಲವಿಗಿ ಕ್ರಾಸಿಂಗಿನ್ಯಾಗ ನಿಂತೈತಿ ತಂಗಿ, ಬರತೈತಿ" ಎನ್ನುತ್ತಿದ್ದಿರಿ. ವರ್ಷ ಕಳೆದ ಹಾಗೆ ನಗು ಕಡಿಮೆಯಾಯಿತು. ಕುರಿಗೊಬ್ಬರ ಹಾಕಿದಿರಿ, ಶೇಂಗಾ ಹಿಂಡಿ ನೆನೆಸಿ ಹಾಕಿದಿರಿ, ಬೆಲ್ಲದ ನೀರು ಉಣಿಸಿದಿರಿ. ಬಾಣಂತಿಗೂ ಅಷ್ಟು ಉಪಚಾರ ಸಿಗುವುದಿಲ್ಲ. ಪಾಡ್ಯ ಬಂತೆಂದರೆ ಕುಡಗೋಲು. ಕೊನೆಕೊನೆಗೆ ಮಾಬವ್ವನ ದನಿ ಕೇಳಿದರೆ ಒಳಗೆ ಎದ್ದು ಬರುತ್ತಿದ್ದಿರಿ. ಒಂದು ದಿನ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು ಸಣ್ಣ ದನಿಯಲ್ಲಿ ಕೇಳಿದಿರಿ. "ಯವಾ, ನನ್ನ ಕೈಗುಣ ಹೋತೇನು?" "ಕೈಗುಣಕ್ಕ ಏನ್ ಧಾಡಿಯಾಗೇತ್ರಿ, ಆ ಗಿಡಕ್ಕ ಬಡದೈತಿ ಧಾಡಿ" ಎಂದು ರೇಗಿದೆ. ನೀವು ನಗಲಿಲ್ಲ, ಅಂಗೈ ತಿರುವಿ ನೋಡಿಕೊಳ್ಳುತ್ತ ಕೂತಿರಿ. ಆ ಅಂಗೈ ಈಗಲೂ ಕಣ್ಣ ಮುಂದೆ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬಿಡುತ್ತೇನೆ.

ಹಾವೇರಿಯ ದವಾಖಾನೆಯಲ್ಲಿ ನೀವು ಮಲಗಿದ್ದಾಗ ನಾನು ಗಂಜಿ ತಂದಿದ್ದೆ. ನೀವು ಗಂಜಿ ಮುಟ್ಟಲಿಲ್ಲ, ನಿಮ್ಮ ಮಗನ ಮುಂಗೈ ಹಿಡಿದು ಹೇಳಿದಿರಿ. "ಮಂಜೂ, ಪಾಡ್ಯಕ್ಕ ಗಿಡ ಕಡೀ. ಮರೀಬ್ಯಾಡ." ಇವರು "ನೀವ ಬಂದು ಕಡೀರಿ ಅಪ್ಪಾ, ನನಗೆಲ್ಲಿ ಬರತೈತಿ" ಎಂದರು. ನೀವು ಬರಲಿಲ್ಲ. ಹಬ್ಬಕ್ಕೆ ಇನ್ನೂ ದಿನಗಳಿದ್ದಾಗಲೇ ನಿಮ್ಮನ್ನು ಹೊಲದಲ್ಲಿ ಮಣ್ಣಿಗೆ ಇಟ್ಟು ಬಂದೆವು. ಆ ದೀಪಾವಳಿಗೆ ಮನೆಯಲ್ಲಿ ಹಣತೆ ಹಚ್ಚಲಿಲ್ಲ, ಕರಿಯಲು ಎಣ್ಣೆಬುಟ್ಟಿ ಒಲೆಗೆ ಇಡಲಿಲ್ಲ. ಪಾಡ್ಯದ ಮುಂಜಾನೆ ಇವರು ಕುಡಗೋಲು ಹಿಡಿದು ಹಿತ್ತಲಕ್ಕೆ ಹೋದರು. ಎಷ್ಟೋ ಹೊತ್ತು ನಿಂತು, ಹಾಗೇ ವಾಪಸು ಬಂದು ಕುಡಗೋಲನ್ನು ಗೂಟಕ್ಕೆ ಸಿಕ್ಕಿಸಿ, "ನಾಳೆ ನೋಡೂಣು" ಎಂದರು. ಆ ನಾಳೆ ಬರಲೇ ಇಲ್ಲ. ಅಪ್ಪ ಕೊನೆಗೆ ಹೇಳಿದ ಒಂದು ಮಾತನ್ನೂ ನಡೆಸಲಿಲ್ಲ ಎಂದು ಆಗಿನಿಂದ ಅವರ ಎದೆಯಲ್ಲಿ ಒಂದು ಕಲ್ಲು ಕೂತಿದೆ. ಯಾರ ಮುಂದೆಯೂ ಆಡುವುದಿಲ್ಲ. ಊಟ ಮಾಡುತ್ತ ಮಾಡುತ್ತ ತುತ್ತು ಹಿಡಿದು ಕೂತುಬಿಡುತ್ತಾರೆ, ನನಗೆ ಗೊತ್ತಾಗುತ್ತದೆ.

ಮಾವಾ, ಈಗ ಕೇಳಿ. ಶಿವರಾತ್ರಿ ಹತ್ತಿರ ಬಂದಿತ್ತು. ಆ ಸಲ ಚಳಿಯೂ ಜೋರಿತ್ತು. ನೀರು ಕಾಯಿಸಲು ಹಿತ್ತಲಕ್ಕೆ ಹೋದ ಅತ್ತೆ ಅಲ್ಲಿಂದಲೇ "ನಿರ್ಮಲಾ, ಓಡಿ ಬಾ" ಎಂದು ಕೂಗಿದರು. ಹಾವು ಬಂತೇನೋ ಎಂದು ಕೋಲು ಹಿಡಿದೇ ಓಡಿದೆ. ನಿಮ್ಮ ಗಿಡದಲ್ಲಿ ಹೂವು! ಬಿಳಿ ಹೂವು, ಅಂಚಿಗೆ ಸ್ವಲ್ಪ ಗುಲಾಬಿ. ನಾನು ಒಳಗೆ ಹೋಗಿ ಕೆಂಪು ದಾರದ ಉಂಡೆ ತಂದೆ. ಅಗಡಿಯಲ್ಲಿ ಹುಡುಗಿಯಾಗಿದ್ದಾಗ ಹತ್ತಿ ಬೀಜದ ಪ್ಲಾಟುಗಳಿಗೆ ಕ್ರಾಸಿಂಗ್ ಮಾಡಲು ಹೋಗುತ್ತಿದ್ದೆನಲ್ಲ, ಪರಾಗ ಮುಟ್ಟಿಸಿದ ಹೂವಿಗೆಲ್ಲ ಗುರುತಿಗೆ ದಾರ ಕಟ್ಟುತ್ತಿದ್ದೆವು. ಅದೇ ಚಾಳಿ. ಹೂ ಬಿಟ್ಟ ಕೋಲಿಗೆಲ್ಲ ಒಂದೊಂದು ಎಳೆ ಕಟ್ಟಿದೆ. ಏನೂ ಲೆಕ್ಕ ಹಾಕಿ ಕಟ್ಟಿದ್ದಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು.

ಯುಗಾದಿ ಕಳೆದು ಕಾಯಿ ಕೆಂಪಾಗಿ, ಆಮೇಲೆ ಕಪ್ಪಾಯಿತು. ಪೇಟೆಗೆ ಇನ್ನೂ ಆಪೂಸು ಮಾವು ಬಂದಿರಲಿಲ್ಲ. ಬೇಗ ಹಣ್ಣಾಗುವ ತಳಿ ಎಂದದ್ದು ಖರೇ ಮಾವಾ, ಆ ಆಫೀಸರು ಸುಳ್ಳು ಹೇಳಿರಲಿಲ್ಲ! ಹೆಚ್ಚೇನಲ್ಲ, ಎಲ್ಲ ಕೂಡಿದರೂ ಬೊಗಸೆ ತುಂಬಲಿಲ್ಲ. ಅತ್ತೆ ಮೊದಲ ಹಣ್ಣುಗಳನ್ನು ಎಲೆಯ ಮೇಲಿಟ್ಟು ನಿಮ್ಮ ಫೋಟೋದ ಮುಂದೆ ಹಿಡಿದರು. ನನಗೆ ಎಲ್ಲಿತ್ತೋ ಸಿಟ್ಟು. "ಫೋಟೋ ತಿಂತೈತೇನ್ರಿ ಅತ್ತಿ? ಇದ್ದಾಗ ಬರಲಿಲ್ಲ, ಈಗ ಯಾಕ ಬೇಕಾಗಿತ್ತು?" ಎಂದು ಚೀರಿಬಿಟ್ಟೆ. ಅತ್ತೆ ಬೈಯಲಿಲ್ಲ. ಒಂದು ಹಣ್ಣು ನನ್ನ ಬಾಯಿಗಿಟ್ಟು, ಒಂದು ತಾವು ತಿಂದರು. "ಕವಳಿಯಂಗ ಐತೇನ್ರಿ?" ಎಂದು ಕೇಳಿದೆ. "ಕವಳಿ ಕವಳೀನ. ಇದು ಅವರು ತಂದದ್ದು," ಎಂದು ಕಣ್ಣೊರೆಸಿಕೊಂಡರು. ಹುಳಿ ಇತ್ತು, ಹಿಂದಿನಿಂದ ಸಿಹಿ ಬರುತ್ತಿತ್ತು. ಮಾಬವ್ವನಿಗೂ ಗೋಡೆಯ ಮೇಲಿಂದ ಕೊಟ್ಟೆ. ಆಕೆ ಬಾಯಲ್ಲಿಟ್ಟುಕೊಂಡು, "ಹಣ್ಣು ಬಂತು, ಕಾಕಾ ಹ್ವಾದ್ರು" ಎಂದು ಸೆರಗು ಮುಖಕ್ಕೆ ಒತ್ತಿಕೊಂಡಳು.

ನಿಮ್ಮ ಮಗನ ಸಂಭ್ರಮ ಬೇರೆಯೇ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲರಿಂದ ಹಿಡಿದು ಸೇಟುಗಳವರೆಗೆ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. "ನಮ್ಮಪ್ಪ ಐದ ವರ್ಷ ಕಡದ ಕಡದ ಆ ಬೇರಿಗೆ ಕಸುವು ಕೊಟ್ಟಾನ. ಅವನ ಪುಣ್ಯೇವ ಈಗ ಹಣ್ಣಾಗೇತಿ." ನನ್ನ ಮುಂದೆ ಆಣೆ ಮಾಡಿದರು. "ಹೋದ ವರ್ಷ ತಪ್ಪಿಸೇನಿ. ಬರೂ ಪಾಡ್ಯಕ್ಕ ಏನಾರ ಆಗಲಿ, ಅಪ್ಪ ಹೇಳಿದಂಗ ಕಡೀತೇನಿ." ಆಗ ನಾನೂ ಹೂಂ ಎಂದೆ. ನನಗಾದರೂ ಏನು ಗೊತ್ತಿತ್ತು?

ಗೊತ್ತಾದದ್ದು ಮಳೆಗಾಲದಲ್ಲಿ. ಒಗೆದ ಬಟ್ಟೆ ಹಿಂಡುತ್ತಿದ್ದೆ, ಕಣ್ಣು ಗಿಡದ ಮೇಲೆ ಬಿತ್ತು. ಕೆಂಪು ದಾರ ಕಟ್ಟಿದ ಕೋಲುಗಳೆಲ್ಲ ಒಣಗಿ ಕಂದಾಗಿದ್ದವು. ಬುಡದಿಂದ ಹೊಸ ಹಸಿರು ಕೋಲುಗಳು ಎದ್ದು ಗೋಡೆಯ ಮೇಲೆ ಇಣುಕುತ್ತಿದ್ದವು. ಅವುಗಳಲ್ಲಿ ಒಂದಕ್ಕೂ ದಾರವಿಲ್ಲ, ಅಂದರೆ ಒಂದರಲ್ಲೂ ಹೂವಾಗಿರಲಿಲ್ಲ. ಹಣ್ಣು ಬಂದದ್ದೆಲ್ಲ ಹೋದ ಪಾಡ್ಯಕ್ಕೆ ಕಡಿಯದೆ ಉಳಿದ ಕೋಲುಗಳಲ್ಲಿ. ಕೋಲು ಒಂದು ವರ್ಷ ಬೆಳೆಯಬೇಕು, ಒಂದು ಚಳಿಗಾಲ ಕಾಣಬೇಕು, ಆಮೇಲೆ ಅದರಲ್ಲಿ ಹಣ್ಣು, ಹಣ್ಣು ಕೊಟ್ಟ ಮೇಲೆ ಅದು ಒಣಗುತ್ತದೆ. ರೇಷ್ಮೆ ಗಿಡದಿಂದ ನಿಮಗೆ ಬೇಕಾಗಿದ್ದದ್ದು ಎಲೆ, ಹೊಸ ಚಿಗುರಾದಷ್ಟೂ ಲಾಭ. ಈ ಗಿಡದ ರೀತಿಯೇ ಬೇರೆ. ನೀವು ಪ್ರತಿ ಪಾಡ್ಯಕ್ಕೆ, ಇನ್ನೇನು ಚಳಿ ಬರಬೇಕು ಎನ್ನುವಾಗ, ಮುಂದಿನ ಬೇಸಿಗೆಯ ಹಣ್ಣನ್ನೆಲ್ಲ ನಿಮ್ಮ ಕೈಯಾರೆ ಕಡಿದು ತಿಪ್ಪೆಗೆ ಹಾಕುತ್ತಿದ್ದಿರಿ.

ಒಂದು ಕ್ಷಣ ಕುಣಿಯುವಷ್ಟು ಖುಷಿಯಾಯಿತು ಮಾವಾ. ನಿಮ್ಮ ಕೈಗುಣಕ್ಕೆ ಏನೂ ಆಗಿರಲಿಲ್ಲ! ಓಡಿ ಹೋಗಿ ನಿಮಗೆ ಹೇಳಬೇಕು ಎಂದು ಬಟ್ಟೆ ಅಲ್ಲೇ ಬಿಟ್ಟು ಪಡಸಾಲೆಯವರೆಗೂ ಬಂದೆ, ಖರೇನೇ ಬಂದೆ. ನಿಮ್ಮ ಕುರ್ಚಿಯ ಮೇಲೆ ಅತ್ತೆ ಹಪ್ಪಳ ಒಣಹಾಕಿದ್ದರು. ಆಮೇಲೆ ಉಳಿದದ್ದೂ ಹೊಳೆಯಿತು. ನೀವು ಇದ್ದಿದ್ದರೆ ಕಡಿಯುತ್ತಿದ್ದಿರಿ. ನೀವು ಇಲ್ಲವಾದ್ದರಿಂದ...

ಮುಂದಿನದನ್ನು ಬರೆಯಲಾರೆ.

ಇವರಿಗೆ ಹೇಗೆ ಹೇಳಲಿ? ದಸರೆಯಲ್ಲಿ ಒಮ್ಮೆ ಬಾಯಿ ಬಿಟ್ಟೆ. "ಈ ಸಲ ಗಿಡ ಕಡಿಯೂದು ಬ್ಯಾಡ್ರಿ." ಅವರು ನನ್ನನ್ನು ದುರುಗುಟ್ಟಿ ನೋಡಿ, "ಅಪ್ಪನ ಮಾತು ಎರಡ ಸಲ ಮುರೀಲೇನು?" ಎಂದರು. ಅಪ್ಪ ನೆಟ್ಟ ಆಲದಮರ ಅಂತ ಯಾರಾದರೂ ನೇಣು ಹಾಕಿಕೊಳ್ಳುತ್ತಾರೇನ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಪ್ಪನ ದುಡಿತದಿಂದ ಹಣ್ಣು ಬಂತು ಎಂಬುದೊಂದೇ ಈ ವರ್ಷ ಅವರನ್ನು ನಿಲ್ಲಿಸಿದ ಗೂಟ. ಗಿಡ ಉಳಿಯಬೇಕಾದರೆ ಆ ಗೂಟ ಕೀಳಬೇಕು. ಸುಮ್ಮನಿದ್ದರೆ, ನೀವು ಅತ್ತೆಗೆಂದು ತಂದ ಗಿಡ ಮತ್ತೆ ಬರೀ ಎಲೆ. ಬರುವ ಬೇಸಿಗೆಗೆ ಹಣ್ಣು ಬರದಿದ್ದರೆ ಇವರು ತಮ್ಮನ್ನೇ ಬೈದುಕೊಳ್ಳುತ್ತಾರೆ, ಅಪ್ಪನ ಕೈ ನ

ಮಿಸ್ಡ್ ಕಾಲ್ ಬಂತು. ಬಸ್ ಹತ್ತಿದರು. ನಾನು ಏಳುತ್ತೇನೆ ಮಾವಾ.

* * *

ನಿನ್ನೆ ಅರ್ಧಕ್ಕೇ ಬಿಟ್ಟು ಎದ್ದೆ. ಇವತ್ತು ಮುಂಜಾನೆ ಕಸ ಗುಡಿಸಿ, ಚಹಾ ಕುಡಿದು ಕೂತಿದ್ದೇನೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಬಂದರು. ಒಂದು ಕೈಯಲ್ಲಿ ಪೂಜೆಯ ಕಬ್ಬು, ಇನ್ನೊಂದರಲ್ಲಿ ಪೇಡೆಯ ಡಬ್ಬಿ, ಮೆಣಸಿನಕಾಯಿ ಘಾಟಿಗೆ ಎಂದಿನಂತೆ ಕೆಂಪು ಕಣ್ಣು. ಚಹಾ ಕುಡಿದವರೇ "ಕುಡಗೋಲು ಎಲ್ಲೈತಿ?" ಎಂದರು. ಗೂಟದಲ್ಲಿಲ್ಲ. "ನನಗೇನ ಗೊತ್ತು?" ಎಂದೆ. ಕಟ್ಟಿಗೆ ಕೋಣೆ ಹುಡುಕಿದರು, ಅಟ್ಟ ಹುಡುಕಿದರು. ನಿದ್ದೆಯಿಂದ ಎದ್ದು ಕೂತ ಅತ್ತೆ ತಣ್ಣಗೆ ಹೇಳಿದರು. "ಜ್ವಾಳದ ಡಬ್ಬಿ ಹಿಂದ ನೋಡಪಾ. ನಿನ್ನ ಹೇಣ್ತಿ ಅಲ್ಲಿಟ್ಟಾಳ." ಈ ಹೆಂಗಸು ಮಲಗಿದ್ದಾಗಲೂ ಒಂದು ಕಣ್ಣು ತೆರೆದೇ ಇರುತ್ತದೆ, ನೀವು ಹೇಗೆ ಬಾಳುವೆ ಮಾಡಿದಿರೋ!

ಇವರು ಕುಡಗೋಲು ಹಿಡಿದು ಹೊರಟರು, ನಾನು ಅವರನ್ನು ದಾಟಿ ಓಡಿದೆ. ಹೋಗಿ ಗಿಡವನ್ನು ತಬ್ಬಿಕೊಂಡು ನಿಂತೆ. ನಗಬೇಡಿ, ಬೇರೆ ಏನೂ ತೋಚಲಿಲ್ಲ. ಮುಳ್ಳಿನ ಜಾತಿಯಾಗಿದ್ದರೆ ಮೈಯೆಲ್ಲ ಪರಚಿ ಹೋಗುತ್ತಿತ್ತು, ಮುಳ್ಳಿಲ್ಲದ್ದನ್ನು ತಂದ ನಿಮ್ಮ ಹೊಟ್ಟೆ ತಣ್ಣಗಿರಲಿ.

"ಸರಿ ಬಾಜೂಕ. ಹಬ್ಬದ ದಿನ ಏನಿದು ಹುಚ್ಚಾಟ?" ಎಂದರು.

"ಸರಿಯೂದಿಲ್ಲ. ಮೊದಲ ನನ್ನ ಮಾತು ಕೇಳ್ರಿ. ಕೇಳಿದ ಮ್ಯಾಲ ಗಿಡಾನರ ಕಡೀರಿ, ನನ್ನರ ಕಡೀರಿ."

"ಅಪ್ಪ ಸಾಯೋ ಮುಂದ ಹೇಳ್ಯಾನ."

"ಮಾವಾರಿಗೆ ತಿಳೀದ ಹೇಳ್ಯಾರ್ರಿ."

ಬಾಯಿಂದ ಬಿದ್ದೇ ಬಿತ್ತು. ಇವರ ಮುಖ ನೋಡಲಾಗಲಿಲ್ಲ. ಮುಖ ನೋಡದೆಯೇ ಹೇಳುತ್ತ ಹೋದೆ. ದಾರ ತೋರಿಸಿದೆ, ದಾರವಿದ್ದ ಒಣ ಕೋಲು ತೋರಿಸಿದೆ, ದಾರವಿಲ್ಲದ ಹಸಿ ಕೋಲು ತೋರಿಸಿದೆ. ಒಣಗಿದ್ದನ್ನು ಕೈಯಲ್ಲಿ ಪಟಕ್ಕನೆ ಮುರಿದು ತೋರಿಸಿದೆ. "ಹೋದ ಪಾಡ್ಯಕ್ಕ ನೀವು ಕಡೀಲಿಲ್ಲ, ಅದಕ್ಕ ಇದರಾಗ ಹಣ್ಣಾತು. ನೀವು ಮಾತು ಮುರದದ್ದಕ್ಕ ಆತು. ಒಂದ ವರ್ಷ ಆತು, ಆ ಕಲ್ಲು ಹೊತ್ಕೊಂಡು ತಿರುಗಾಕತ್ತೀರಿ. ಇಳಸ್ರಿ ಅದನ್ನ."

ಇವರು ಬಗ್ಗಿ ಒಂದೊಂದೇ ಕೋಲನ್ನು ಬುಡದಿಂದ ತುದಿಯವರೆಗೆ ಸವರಿ ನೋಡಿದರು. ಬೆರಳಿನಿಂದ ದಾರ ಮುಟ್ಟಿದರು. ಮತ್ತೆ ಬುಡಕ್ಕೆ ಬಂದರು. ನನಗೆ ನಿಲ್ಲಲೂ ಆಗುತ್ತಿಲ್ಲ, ಸರಿಯಲೂ ಆಗುತ್ತಿಲ್ಲ. ಕೊನೆಗೆ ತಲೆ ಎತ್ತದೆ ಕೇಳಿದರು.

"ಹಂಗಾದ್ರ, ಅಪ್ಪ ಇದ್ದಿದ್ರ ಹಣ್ಣು ಬರ್ತಿದ್ದಿಲ್ಲೇನು?"

ನಾಲ್ಕು ತಿಂಗಳಿನಿಂದ ನಾನು ನುಂಗಿಕೊಂಡಿದ್ದ ಮಾತು ಅದೇ. ಅದಕ್ಕೇ ನಿನ್ನೆ ನಿಮಗೂ ಬರೆಯಲಾಗದೆ ನಿಲ್ಲಿಸಿದ್ದೆ. ಅತ್ತೆ ಯಾವಾಗ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದರೋ, ಅಲ್ಲಿಂದಲೇ ಹೇಳಿದರು.

"ಬರ್ತಿದ್ದಿಲ್ಲಪಾ. ಬರೀ ಎಲಿ ಬರ್ತಿತ್ತು. ಆದ್ರ ಅವರು ಇರ್ತಿದ್ರು."

ನಿಮ್ಮ ಮಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತರು. ನೀವು ಹೋದಾಗಲೂ ಅತ್ತಿರಲಿಲ್ಲ, ಬಂದವರಿಗೆ ನೀರು ಕೊಡುವುದು, ಗಾಡಿ ಹೇಳುವುದು ಎಂದು ಓಡಾಡಿಕೊಂಡಿದ್ದರು. ನಿನ್ನೆ ದನಿ ತೆಗೆದು ಅತ್ತರು. ಮಾಬವ್ವ ಗೋಡೆಯ ಮೇಲೆ ಮುಖ ಹಾಕಿ, ನೋಡಿ, ಸುಮ್ಮನೆ ಇಳಿದು ಹೋದಳು. ಅತ್ತೆ ಹತ್ತಿರ ಬಂದು ಮಗನ ತಲೆಯ ಮೇಲೆ ಕೈಯಿಟ್ಟು ನಿಂತರು. ನಾನು ಗಿಡ ಬಿಟ್ಟು ಈಚೆ ಬಂದೆ, ಇನ್ನು ಕಾಯುವುದು ಬೇಕಿರಲಿಲ್ಲ.

ಬೆಳಕು ಇನ್ನೂ ಇತ್ತು. ಮೂಗೊರೆಸಿಕೊಂಡು ಎದ್ದವರು, "ಯಾವ್ಯಾವ ಕಡೀಲಿ, ತೋರಸು" ಎಂದರು. ದಾರ ಇದ್ದದ್ದನ್ನೆಲ್ಲ ತೋರಿಸಿದೆ. ಅವು ಹೇಗೂ ಸತ್ತ ಕೋಲುಗಳು, ಇದ್ದರೆ ಹೊಸದಕ್ಕೆ ಅಡ್ಡ. ಬುಡದಿಂದ ಒಂದು ಗೇಣು ಬಿಟ್ಟು, ನಿಮ್ಮ ಹಾಗೆಯೇ ಎಡಗೈಯಲ್ಲಿ ಕೂಡಿಸಿ ಹಿಡಿದು, ಕಡಿದರು. ಹಸಿ ಕೋಲುಗಳನ್ನು ಬಚ್ಚಲ ಗೋಡೆಗೆ ತಂತಿ ಬಿಗಿದು ಕಟ್ಟಿದೆವು. ನಿಮ್ಮ ಪಾಡ್ಯದ ಕಟಾವು ಆಯಿತು ಮಾವಾ, ಗಿಡವೂ ಉಳಿಯಿತು. ಇನ್ನು ಮುಂದೆ ಪ್ರತಿ ಪಾಡ್ಯಕ್ಕೂ ಹೀಗೆಯೇ ನಡೆಯುತ್ತದೆ, ನಾನು ಬದುಕಿರುವವರೆಗೆ ತಪ್ಪುವುದಿಲ್ಲ. ಈ ಸಲದ ಕೋಲುಗಳು ನಿಮ್ಮ ಹೆಬ್ಬೆರಳಿಗಿಂತ ದಪ್ಪಗಿವೆ. ಬುಟ್ಟಿ ತುಂಬ ಬರುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ.

ನಿನ್ನೆ ಸೊಸೆಯಾದವಳು ಎಲ್ಲರ ಮುಂದೆ ಮಾವನಿಗೆ ತಿಳಿಯದು ಎಂದುಬಿಟ್ಟಳು. ನೀವು ಕೇಳಿಸಿಕೊಂಡಿದ್ದರೆ "ಏನಬೇ, ನನಗ ಕಲಸ್ತೀಯೇನು" ಎಂದು ಓಣಿಯೇ ಎದ್ದು ನಿಲ್ಲುವ ಹಾಗೆ ಒದರುತ್ತಿದ್ದಿರಿ. ಸಿಟ್ಟು ಬಂದಿದ್ದರೆ ಬರಲಿ. ಒಂದೇ ಒಂದು ಸಲ ಬಂದು ಬೈಯಿರಿ. ಬೇಕಾದರೆ ಕುಡಗೋಲು ತೆಗೆದುಕೊಂಡು ಇಡೀ ಗಿಡ ಬುಡಸಮೇತ ಕಡಿಯಿರಿ, ಮಾವಾ, ನಾನು ಅಡ್ಡ ಬರುವುದಿಲ್ಲ.